ಗುರುಗಳು ಕೂತ ಕುರ್ಚಿ

ಹೊಸದುರ್ಗದ ಕೊಬ್ಬರಿ ವ್ಯಾಪಾರಿ ರೇವಣಸಿದ್ದಪ್ಪನವರ ನಡುಮನೆಯಲ್ಲಿ ಒಂದು ಕುರ್ಚಿ ಇದೆ. ಅದರ ಮೇಲೆ ಯಾರೂ ಕೂರುವಂತಿಲ್ಲ. ಮನೆಯ ಯಜಮಾನರು ಕೂರುವುದಿಲ್ಲ, ಬಂದ ಬೀಗರು ಕೂರುವುದಿಲ್ಲ. ಗೊತ್ತಿಲ್ಲದವರು ಯಾರಾದರೂ ಅದರ ಹತ್ತಿರ ಹೋಗಿ ಕೂರಲು ಬಗ್ಗಿದರೆ ಮನೆಮಂದಿಯೆಲ್ಲ ಒಟ್ಟಿಗೆ ಹಾಂ ಹಾಂ ಎಂದು ಕೂಗುತ್ತಾರೆ. ಬಂದವರು ಹೌಹಾರಿ, ಅರ್ಧ ಬಗ್ಗಿದ ಮೈಯನ್ನು ಹಾಗೇ ಎತ್ತಿಕೊಂಡು ಸೋಫಾದ ಕಡೆ ನಡೆಯುತ್ತಾರೆ. ಇದೆಲ್ಲ ಸರಿ ಎಂದೇ ಇಟ್ಟುಕೊಳ್ಳೋಣ. ಆದರೆ ಆ ಕುರ್ಚಿಯನ್ನು ಮಾಡಿದವಳು ಇದೇ ಮನೆಯ ಸೊಸೆ ನೇತ್ರಾವತಿ. ಅವಳೂ ಕೂರುವಂತಿಲ್ಲ.

ನೇತ್ರಾವತಿ ಬಾಗೂರಿನ ಹುಡುಗಿ. ಮದುವೆಗೆ ಮುಂಚೆ ದಾವಣಗೆರೆಯಲ್ಲಿ ಒಳಾಂಗಣ ವಿನ್ಯಾಸದ ಡಿಪ್ಲೊಮಾ ಮಾಡಿಕೊಂಡಿದ್ದಳು. ಮದುವೆಯ ಮಾತುಕತೆಯಲ್ಲಿ ಎಲ್ಲರೂ ಆ ಡಿಪ್ಲೊಮಾಕ್ಕೆ ತಲೆದೂಗಿದ್ದರು. ಮದುವೆಯಾದ ಮೇಲೆ ಅದು ಬೀರುವಿನಲ್ಲಿ ಧಾರೆ ಸೀರೆಯ ಕೆಳಗೆ ಸೇರಿತು. ಗಂಡ ಹಾಲೇಶ್ ಒಳ್ಳೆಯವನೇ. ಒಳ್ಳೆಯವನು ಎಂದರೆ ಅಪ್ಪ ಹೇಳಿದ್ದಕ್ಕೂ ಹೂಂ, ಹೆಂಡತಿ ಹೇಳಿದ್ದಕ್ಕೂ ಹೂಂ. ಇಬ್ಬರೂ ಎದುರುಬದುರಾದರೆ ತೋಟಕ್ಕೆ ನೀರು ಬಿಟ್ಟು ಬರುತ್ತೇನೆಂದು ಹೊರಟುಬಿಡುವವನು. ಕೆಲವು ವರ್ಷ ಅಡುಗೆಮನೆಯಲ್ಲೇ ಕಳೆದ ಮೇಲೆ ನೇತ್ರಾವತಿ ಹಠ ಹಿಡಿದು ಮನೆಯ ಹಿಂದಿನ ಖಾಲಿ ಕೊಬ್ಬರಿ ಶೆಡ್ಡನ್ನು ಕೇಳಿ ತೆಗೆದುಕೊಂಡಳು. ಊರಿನ ಬಡಗಿ ಮೂರ್ತಪ್ಪ ಅಲ್ಲಿಗೆ ಕೆಲಸಕ್ಕೆ ಬರತೊಡಗಿದ. ಅವಳು ಚಿತ್ರ ಬರೆದುಕೊಡುವುದು, ಅವನು ಮರ ಕೊರೆಯುವುದು, ನಡುನಡುವೆ ಇಬ್ಬರೂ ಜಗಳವಾಡುವುದು.

"ಹಳೇ ನಮೂನೆ ಬೇಕಾ, ಹೊಸಾ ನಮೂನೆ ಬೇಕಾ, ಒಂದು ಹೇಳ್ರಮ್ಮ," ಎನ್ನುತ್ತಿದ್ದ ಮೂರ್ತಪ್ಪ.

"ಎರಡೂ ಬೇಕಣ್ಣ. ಒಂದರೊಳಗೇ ಬೇಕು," ಎನ್ನುತ್ತಿದ್ದಳು ನೇತ್ರಾವತಿ.

ಅವಳ ತಲೆ ಕೊರೆಯುತ್ತಿದ್ದ ವಿಷಯ ಬಹಳ ಸಣ್ಣದು. ನಮ್ಮ ಜನ ಸೋಫಾ ತಂದ ಹೊಸದರಲ್ಲಿ ಕಾಲು ಇಳಿಬಿಟ್ಟು ಗಂಭೀರವಾಗಿ ಕೂರುತ್ತಾರೆ. ವಾರ ಕಳೆಯುವುದರೊಳಗೆ ಮೊದಲು ಒಂದು ಕಾಲು ಮೇಲೆ ಬರುತ್ತದೆ, ಆಮೇಲೆ ಇನ್ನೊಂದು. ಕೊನೆಗೆ ಚಕ್ಕಳಮಕ್ಕಳ ಹಾಕಿಕೊಂಡು, ಸೋಫಾದ ಕೈ ಮಂಡಿಗೆ ಒತ್ತುತ್ತಿದ್ದರೂ ಬಿಡದೆ, ಟೀವಿ ನೋಡುತ್ತಾರೆ. ತಪ್ಪು ನಮ್ಮ ಕಾಲಿನದಲ್ಲ, ಸೋಫಾದ್ದು ಎಂದು ನೇತ್ರಾವತಿಯ ವಾದ. ನೆಲದ ಮೇಲೆ, ಜಗಲಿಯ ಮೇಲೆ ಕೂತು ಬೆಳೆದ ಮೈ ಇದು. ಇದಕ್ಕೆ ಜಗಲಿಯ ಅಗಲವೂ ಬೇಕು, ಕುರ್ಚಿಯ ಎತ್ತರವೂ ಬೇಕು.

ಹಾಗೆ ಹುಟ್ಟಿದ್ದು ಆ ಕುರ್ಚಿ. ತವರಿನ ಅಟ್ಟದ ಮೇಲೆ ಬಿದ್ದಿದ್ದ ಅಜ್ಜಿಯ ತೇಗದ ಮಂಚವನ್ನು ತರಿಸಿ, ಅದರ ತಲೆಯ ಕಡೆಯ ಹಲಗೆಯನ್ನು ಬೆನ್ನೊರಗಿಗೆ ಇಟ್ಟಳು. ಹಲಗೆಯ ಮೇಲೆ ಎದುರುಬದುರಾಗಿ ಕೂತ ಎರಡು ಗಿಳಿಗಳು. ಕೂರುವ ಜಾಗಕ್ಕೆ ಹಳೆಯ ಮಂಚಗಳ ಹಾಗೆ ನವಾರಿನ ಪಟ್ಟಿ ಹೆಣೆಸಿದಳು. ಕಾಲು ಮಾತ್ರ ಈ ಕಾಲದ್ದು, ಕಪ್ಪು ಬಣ್ಣ ಬಳಿದ ತೆಳ್ಳನೆಯ ಕಬ್ಬಿಣ. ಮಂಡಿಗೆ ಒತ್ತಬಾರದೆಂದು ಕೈಗಳನ್ನೇ ಇಡಲಿಲ್ಲ. "ಇದು ಕುರ್ಚಿನೋ, ಮಂಚ ಹಾಕಿದ ಮರಿನೋ?" ಎಂದು ಮೂರ್ತಪ್ಪ ನಕ್ಕ. ಕೂತು ನೋಡಿದ ಮೇಲೆ ಮಾತ್ರ ಅವನು ಏಳಲು ಹೊತ್ತು ಹಿಡಿಯಿತು.

ಚಿತ್ರದುರ್ಗದಲ್ಲಿ ಹೊಸ ಫರ್ನಿಚರ್ ಶೋರೂಮ್ ತೆರೆಯುತ್ತಿದ್ದ ಶಾಲಿನಿ ಎಂಬಾಕೆ ಆ ಕುರ್ಚಿಯ ಫೋಟೋ ನೋಡಿ ಫೋನ್ ಮಾಡಿದಳು. "ಫೋಟೋದಾಗೆ ಎಲ್ಲಾ ಕುರ್ಚಿನೂ ಚೆನ್ನಾಗೇ ಕಾಣ್ತಾವೆ. ನಾನು ಕುಂತು ನೋಡ್ಬೇಕು, ತಗಂಬರ್ರಿ. ಕುಂತಾಗ ಹಿತ ಅನ್ಸಿದ್ರೆ ನಮ್ ಶೋರೂಮಿನ ಡಿಸೈನೆಲ್ಲಾ ನೀವೇ ನೋಡ್ಕಳ್ರಿ. ಮೂರು ವಾರ ಬಿಟ್ಟು ಸೋಮವಾರ ಓಪನಿಂಗ್ ಐತೆ, ಅಷ್ಟರೊಳಗೆ ಬಂದ್ಬಿಡ್ರಿ," ಎಂದಳು.

ಚಿತ್ರದುರ್ಗವೇನು ದೂರದ ದೇಶವಲ್ಲ. ಬೆಳಗಿನ ಬಸ್ಸು ಹತ್ತಿದರೆ ಹೊಳಲ್ಕೆರೆ ದಾಟಿ ಕಚೇರಿಯ ಹೊತ್ತಿಗೆ ತಲುಪಬಹುದು, ಸಂಜೆ ದೀಪ ಹಚ್ಚುವುದರೊಳಗೆ ವಾಪಸ್ ಬರಬಹುದು. ಆದರೆ ಮದುವೆಯಾದ ಮೇಲೆ ಒಬ್ಬಳೇ ಬಸ್ಸು ಹತ್ತಿದ ನೆನಪೇ ನೇತ್ರಾವತಿಗಿರಲಿಲ್ಲ. ಕಿಟಕಿಯ ಪಕ್ಕದ ಸೀಟು, ತೊಡೆಯ ಮೇಲೆ ತನ್ನ ಚೀಲ, ತನ್ನದೇ ಒಂದು ಕೆಲಸ. ಇಷ್ಟನ್ನು ನೆನೆದರೇ ಅವಳಿಗೆ ಎದೆ ಹಗುರಾಗುತ್ತಿತ್ತು. ಮಾವನನ್ನು ಕೇಳಿದಾಗ ಅವರು ಕನ್ನಡಕ ಒರೆಸಿಕೊಂಡು "ನೋಡಾಣ ಬಿಡಮ್ಮ" ಎಂದಿದ್ದರು. ಆ ಮನೆಯಲ್ಲಿ ನೋಡಾಣ ಎಂದರೆ ಮುಕ್ಕಾಲು ಒಪ್ಪಿಗೆ.

ಅಷ್ಟರಲ್ಲಿ ಮಠದ ಗುರುಗಳು ಪಾದಪೂಜೆಗೆ ಬರುತ್ತಾರೆಂದು ಗೊತ್ತಾಯಿತು. ಮನೆಗೆ ಸುಣ್ಣಬಣ್ಣವಾಯಿತು. ಗುರುಗಳಿಗೆಂದು ರೇವಣಸಿದ್ದಪ್ಪನವರು ಶಾಮಿಯಾನದವರಿಂದ ಕೆಂಪು ಮಖಮಲ್ಲಿನ ಸಿಂಹಾಸನ ತರಿಸಿದರು. ಮದುವೆ ಮಂಟಪದಲ್ಲಿ ವಧೂವರರನ್ನು ಕೂರಿಸುತ್ತಾರಲ್ಲ, ಅದೇ, ಬಂಗಾರದ ಬಣ್ಣದ ಸಿಂಹದ ತಲೆಗಳಿರುವಂಥದ್ದು. ನೇತ್ರಾವತಿಯ ಕುರ್ಚಿ ಆಗ ನಡುಮನೆಯ ಮೂಲೆಯಲ್ಲಿತ್ತು. ಮರುದಿನವೇ ಚಿತ್ರದುರ್ಗಕ್ಕೆ ಸಾಗಿಸಲು ಅನುಕೂಲವಾಗಲೆಂದು ಅವಳೇ ಶೆಡ್ಡಿನಿಂದ ಒಳಗೆ ತಂದಿಟ್ಟಿದ್ದಳು.

ಗುರುಗಳು ವಯಸ್ಸಾದವರು. ಜಯಕಾರದ ನಡುವೆ ಒಳಗೆ ಬಂದು ಸಿಂಹಾಸನದ ಮೇಲೆ ಕೂತರು. ಅಭ್ಯಾಸದಂತೆ ಕಾಲು ಮಡಚಲು ನೋಡಿದರು. ಒಂದು ಮಂಡಿಗೆ ಸಿಂಹದ ತಲೆ ತಗುಲಿತು. ಆ ಕಡೆ ಸರಿದರು. ಅಲ್ಲೂ ಒಂದು ಸಿಂಹ ಕಾದು ಕೂತಿತ್ತು. ಅವರ ಕಣ್ಣು ಮೂಲೆಗೆ ಹೋಯಿತು.

"ಅದೇನಪ್ಪ ಅದು? ಅಗಲವಾಗೈತೆ. ಅದನ್ನೇ ಇತ್ಲಾಗೆ ತರ್ರಿ."

ತಂದರು. ಗುರುಗಳು ಕೂತು ಎರಡೂ ಕಾಲು ಮಡಚಿ, ಗಿಳಿಗಳಿಗೆ ಬೆನ್ನು ಕೊಟ್ಟು ಉಸಿರು ಬಿಟ್ಟರು. "ಭೇಷ್! ಬೆನ್ನಿಗೆ ಬಾಳ ಹಿತವಾಗೈತೆ. ಯಾರು ಮಾಡಿದ್ದು?"

"ನಮ್ ಸೊಸೆ, ಬುದ್ಧೀ," ಎಂದರು ರೇವಣಸಿದ್ದಪ್ಪನವರು, ಕೈಮುಗಿದು. ಆ ಹೊತ್ತಿನಲ್ಲಿ ನೇತ್ರಾವತಿಯಷ್ಟು ಸುಖಿ ಇಡೀ ಹೊಸದುರ್ಗದಲ್ಲಿ ಯಾರೂ ಇರಲಿಲ್ಲ. ತಾನು ಅಂದುಕೊಂಡದ್ದು ನಿಜವಾಗಿತ್ತು. ಕುರ್ಚಿ ಮೈಗೆ ಒಪ್ಪಿತ್ತು.

ಸಂಜೆ ಅವಳು ಕುರ್ಚಿಗೆ ಹಳೇ ಕಂಬಳಿ ಸುತ್ತಲು ಬಂದಾಗ ಅದರ ಮೇಲೆ ಆಗಲೇ ಕಾವಿ ವಸ್ತ್ರ ಹಾಸಿತ್ತು. ವಸ್ತ್ರದ ಮೇಲೆ ಗುರುಗಳು ಆಶೀರ್ವದಿಸಿ ಕೊಟ್ಟ ಪಾದುಕೆಗಳು, ಅವುಗಳ ಮೇಲೆ ಬಿಲ್ವಪತ್ರೆ. ಬೆನ್ನೊರಗಿನ ಗಿಳಿಗಳ ಹಣೆಗೂ ವಿಭೂತಿ.

"ಮಾವ, ನಾಳೆ ಇದನ್ನ ತಗಂಡು ಹೋಗ್ಬೇಕಿತ್ತಲ್ರಿ," ಎಂದಳು.

ರೇವಣಸಿದ್ದಪ್ಪನವರು ಬೈಯುವ ಮಾವನಾಗಿದ್ದರೆ ಜಗಳವಾಡಬಹುದಿತ್ತು. ಅವರು ಬೈಯುವವರಲ್ಲ. "ಏನಮ್ಮ ನೇತ್ರಾ, ಎಂಥಾ ಪುಣ್ಯ ನಿಂದು!" ಎಂದು ಅವಳ ತಲೆಯ ಮೇಲೆ ಕೈಯಿಟ್ಟರು. "ಗುರುಗಳು ಕುಂತ ಮೇಲೆ ಅದು ಗದ್ದುಗೆ. ಗದ್ದುಗೇನ ಟೆಂಪೋದಾಗೆ ಹಾಕ್ಕಂಡು ಅಂಗಡಿಗೆ ಹೋಗಾಕಾಗ್ತೈತೇನಮ್ಮ?"

"ಹಂಗಾರೆ ಅದೇ ಥರದ್ದು ಇನ್ನೊಂದು ಮಾಡ್ತೀನಿ."

ಮಾವನ ಮುಖ ಕುಂದಿತು. "ಅದೇ ನಮೂನೆ ಕುರ್ಚಿ ಅಂಗಡೀಲಿ ಇಟ್ರೆ ಯಾರ್ಯಾರೋ ಕುಂತ್ಕಳ್ತಾರೆ. ಕುರುಕಲು ತಿಂದು ಅದಕ್ಕೇ ಕೈ ಒರೆಸ್ತಾರೆ. ನಾಳೆ ಗುರುಗಳು ಎಲ್ಲಾದ್ರೂ ನೋಡಿದ್ರೆ ನಾನು ಏನಂತ ಮುಖ ತೋರಿಸ್ಲಿ? ಬ್ಯಾಡ. ನಿಂಗೆ ಬ್ಯಾರೆ ನಮೂನೆ ಹೊಳೆಯಲ್ವಾ?"

ಬೇರೆ ನಮೂನೆ ಹೊಳೆಯದೆ ಏನು! ಆದರೆ ಕಾಲು ಮಡಚಿ ಕೂರುವ ಜಾಗವಿಟ್ಟು ಏನು ಬರೆದರೂ ಮೂರ್ತಪ್ಪ ಅದನ್ನು ನೋಡಿ "ಇದೂ ಗುರುಗಳ ಕುರ್ಚಿ ಹಂಗೇ ಐತಲ್ರಮ್ಮ" ಎನ್ನುತ್ತಿದ್ದ, ಉಳಿ ಮುಟ್ಟಲು ಹೆದರುತ್ತಿದ್ದ. ಕಾಲು ಇಳಿಬಿಡುವ ಕುರ್ಚಿಯನ್ನು ಶಾಲಿನಿ ಕೇಳಿರಲಿಲ್ಲ. ಅಂಥವು ಎಲ್ಲ ಅಂಗಡಿಯಲ್ಲೂ ಬೇಕಾದಷ್ಟಿವೆ. ಒಟ್ಟಿನಲ್ಲಿ ನೇತ್ರಾವತಿಯ ಕೈಯಿಂದ ಕುರ್ಚಿಯೊಂದೇ ಹೋಗಲಿಲ್ಲ, ಕುರ್ಚಿಯ ಹಿಂದಿದ್ದ ಅವಳ ಯೋಚನೆಯೂ ಹೋಗಿ ನಡುಮನೆಯಲ್ಲಿ ಕಾವಿ ಹೊದ್ದು ಕೂತಿತು.

ಇನ್ನೊಂದು ತಮಾಷೆ ಕೇಳಿ. ಗುರುಗಳಿಗೆ ಹಿತವಾದ ಕುರ್ಚಿ ಎಂಬ ಸುದ್ದಿ ಭಕ್ತರ ಮನೆಗಳಲ್ಲಿ ಹಬ್ಬಿತು. ಮೊದಲು ಹಿರಿಯೂರಿನ ಒಬ್ಬರು ಬಂದರು. "ನಮ್ಮನೆಗೂ ಗುರುಗಳು ಬಂದ್ರೆ ಇರ್ಲಿ, ಅಂಥದ್ದೇ ಒಂದು ಮಾಡ್ಕೊಡ್ರಮ್ಮ" ಎಂದರು. ಇದಕ್ಕೆ ಮಾವನ ಅಡ್ಡಿಯಿಲ್ಲ. ಗದ್ದುಗೆಯಾಗುವುದಕ್ಕೆಂದೇ ಮಾಡುವುದಾದರೆ ಎಷ್ಟು ಬೇಕಾದರೂ ಮಾಡಬಹುದು. "ನೋಡ್ದೇನಮ್ಮ? ನೀನು ಬಸ್ಸು ಹತ್ತೋದೇ ಬ್ಯಾಡ. ಕೆಲ್ಸಾನೇ ಮನೆಬಾಗ್ಲಿಗೆ ಬಂದೈತೆ," ಎಂದು ಅವರು ನಿಜವಾದ ಸಂತೋಷದಿಂದ ಹೇಳಿದರು. ಜನ ಕೂರಲಿ ಎಂದು ಕುರ್ಚಿ ಮಾಡಲು ಹೊರಟವಳು ಯಾರೂ ಕೂರದ ಕುರ್ಚಿಗಳನ್ನು ಮಾಡತೊಡಗಿದಳು.

ಶಾಲಿನಿ ಮತ್ತೆ ಫೋನ್ ಮಾಡಿದಳು. ಸೋಮವಾರ ಹತ್ತಿರ ಬರುತ್ತಿತ್ತು. ನೇತ್ರಾವತಿ ಕೊನೆಗೆ ಗಂಡನ ಬೆನ್ನು ಹತ್ತಿ, ಅವನ ಬೈಕಿನಲ್ಲೇ ಮಠಕ್ಕೆ ಹೋದಳು. ಹಾಲೇಶ್ ಮಠದ ಹೊರಗೆ ಬೈಕಿನ ಹತ್ತಿರವೇ ನಿಂತ. ಅವಳು ಒಳಗೆ ಹೋಗಿ ಗುರುಗಳ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ಹೇಳುವಾಗ ಅಳು ಬಂತು, ತಡೆಯಲಿಲ್ಲ.

ಗುರುಗಳು ಪೂರ್ತಿ ಕೇಳಿಸಿಕೊಂಡರು. ಅವರ ಮುಖದ ಮೇಲೆ ಬೇಸರ ಕಂಡಿತು, ಅವಳ ಮೇಲಿನದಲ್ಲ. "ನೋಡವ್ವ, ನಾನು ಎಲ್ಲಿ ಕುಂತ್ರೂ ಇದೇ ಕತೆ. ಕುಂತ್ಕಂಡು ಎದ್ದು ಬಂದ್ರೆ ಹಿಂದೆ ಆ ಜಾಗ ಯಾರಿಗೂ ಇಲ್ದಂಗಾಗ್ತೈತೆ. ನಂಗೂ ಸಾಕಾಗೈತೆ. ಕುರ್ಚಿ ಇರಾದು ಕುಂತ್ಕಣಾಕೆ. ಅದು ನಿಂದು, ತಗಂಡು ಹೋಗು. ನಾನು ಹೇಳಿದೀನಿ ಅಂತ ನಿಮ್ ಮಾವಗೆ ಹೇಳು."

ವಾಪಸ್ ಬರುವಾಗ ದಾರಿಯುದ್ದಕ್ಕೂ ಅವಳು ಹಾಲೇಶನ ಹೆಗಲು ಹಿಡಿದು ಏನೇನೋ ಮಾತಾಡಿದಳು. ಕುರ್ಚಿಗೆ ಯಾವ ಟೆಂಪೋ, ತನಗೆ ಯಾವ ಬಸ್ಸು, ಮಧ್ಯಾಹ್ನದ ಬುತ್ತಿಗೆ ಏನು. ಮನೆಗೆ ಬಂದು ಗುರುಗಳ ಮಾತನ್ನು ಇದ್ದದ್ದು ಇದ್ದ ಹಾಗೆ ಮಾವನ ಮುಂದೆ ಹೇಳಿದಳು.

ರೇವಣಸಿದ್ದಪ್ಪನವರ ಕಣ್ಣಲ್ಲಿ ನೀರು ತುಂಬಿತು. "ಹಂಗಂದ್ರಾ? ನೋಡಮ್ಮ, ಎಂಥಾ ನಿರಾಡಂಬರ! ಗದ್ದುಗೇನೂ ಬ್ಯಾಡ ಅಂತಾರಲ್ಲ! ಇಂಥಾ ಗುರುಗಳು ಕುಂತ ಜಾಗಾನ ನಾವು ಇನ್ನಷ್ಟು ಕಾಪಾಡ್ಬೇಕು. ಇದು ನಮ್ಗೆ ಪರೀಕ್ಷೆ ಕಣಮ್ಮ," ಎಂದು ಎದ್ದು ಹೋಗಿ ಕುರ್ಚಿಗೆ ಇನ್ನೊಂದು ಸಲ ಕೈಮುಗಿದರು. ಹಾಲೇಶ್ ತೋಟದ ಕಡೆ ಹೊರಟ. ನೇತ್ರಾವತಿ ಅಡುಗೆಮನೆಗೆ ಹೋಗಿ, ಬಾಗಿಲ ಹಿಂದೆ ನಿಂತು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಗುರುವೇ ಬಿಟ್ಟರೂ ಬಿಡದ ಬಾಗಿಲು ಇದು. ಇನ್ನು ಯಾರ ಹತ್ತಿರ ಹೋಗಿ ಕೇಳುವುದು?

ಇಷ್ಟೆಲ್ಲ ನಡೆಯುವಾಗ ಅತ್ತೆ ವೀರಮ್ಮ ಒಂದೇ ಒಂದು ಮಾತೂ ಆಡಿರಲಿಲ್ಲ. ವೀರಮ್ಮ ಮೊದಲಿನಿಂದಲೂ ಹಾಗೆ. ಮಂಡಿನೋವಿನ ಹೆಂಗಸು, ಆದರೂ ಗಂಡ ಮನೆಯಲ್ಲಿದ್ದಾಗ ಸೋಫಾದ ಮೇಲೆ ಕೂತವರಲ್ಲ. ಅಡುಗೆಮನೆಯ ಹೊಸ್ತಿಲ ಪಕ್ಕ, ಗೋಡೆಗೆ ಒರಗಿ, ನೆಲದ ಮೇಲೆ. ಏಳುವಾಗ ಒಂದು ಕೈ ಗೋಡೆಗೆ, ಒಂದು ಕೈ ಬಾಗಿಲ ಚೌಕಟ್ಟಿಗೆ, ಬಾಯಲ್ಲಿ ಶಿವಶಿವಾ. ಈಚೆಗೆ ಅದೊಂದು ಕೆಲಸ ಮಾತ್ರ ಅವರು ತಾವೇ ವಹಿಸಿಕೊಂಡಿದ್ದರು: ಗದ್ದುಗೆಯ ವಸ್ತ್ರ ಬದಲಿಸುವುದು, ಪತ್ರೆ ಏರಿಸುವುದು. ಬೇರೆ ಯಾರನ್ನೂ ಅದಕ್ಕೆ ಬಿಡುತ್ತಿರಲಿಲ್ಲ. ಅತ್ತೆಗೆ ಅಷ್ಟು ಭಕ್ತಿ ಎಂದು ನೇತ್ರಾವತಿಗೆ ಒಳಗೊಳಗೇ ಸಿಟ್ಟೂ ಇತ್ತು.

ಶನಿವಾರ ಮಧ್ಯಾಹ್ನ. ಮಾವ ಕೊಬ್ಬರಿ ಮಂಡಿಗೆ ವ್ಯಾಪಾರಕ್ಕೆ ಹೋಗಿದ್ದರು. ಶೆಡ್ಡಿನಲ್ಲಿದ್ದ ನೇತ್ರಾವತಿ ಫೋನ್ ಮರೆತು ಬಂದದ್ದು ನೆನಪಾಗಿ ಹಿತ್ತಲ ಬಾಗಿಲಿನಿಂದ ಒಳಗೆ ಬಂದಳು. ಬಂದವಳು ನಡುಮನೆಯ ಬಾಗಿಲಲ್ಲೇ ನಿಂತುಬಿಟ್ಟಳು.

ಪಾದುಕೆಗಳು ಕಿಟಕಿಯ ಕಟ್ಟೆಯ ಮೇಲಿದ್ದವು. ಕಾವಿ ವಸ್ತ್ರ ಅಚ್ಚುಕಟ್ಟಾಗಿ ಮಡಚಿ ಪಕ್ಕದಲ್ಲಿತ್ತು. ಕುರ್ಚಿಯ ಮೇಲೆ ವೀರಮ್ಮ ಎರಡೂ ಕಾಲು ಮಡಚಿಕೊಂಡು, ಗಿಳಿಗಳಿಗೆ ಒರಗಿ, ಕಣ್ಣು ಮುಚ್ಚಿ ಕೂತಿದ್ದರು. ಸೆರಗು ಜಾರಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಮದುವೆಯಾಗಿ ಈ ಮನೆಗೆ ಬಂದ ಮೇಲೆ ಅತ್ತೆಯ ಮುಖ ಇಷ್ಟು ಸಡಿಲವಾಗಿದ್ದನ್ನು ನೇತ್ರಾವತಿ ಕಂಡೇ ಇರಲಿಲ್ಲ.

"ಅತ್ತೆ?"

ವೀರಮ್ಮ ಕಣ್ಣು ಬಿಟ್ಟರು. ಮುಖದ ಬಣ್ಣ ಇಳಿಯಿತು. ಇಳಿಯಲು ಹೋದರು, ಸೊಸೆಯೊಬ್ಬಳೇ ಎಂದು ಕಂಡು ಹಾಗೇ ಕೂತರು. "ದಿನಾ ಒಂದೀಟು ಹೊತ್ತು ಕುಂತ್ಕತೀನಿ ಕಣೇ," ಎಂದರು ಮೆಲ್ಲಗೆ. "ಅವ್ರು ಮಂಡಿಗೆ ಹೋದ ಮೇಲೆ. ಮಂಡಿನೋವು ಅಂಬೋದು ಇದ್ರ ಮ್ಯಾಲೆ ಕುಂತಾಗ ಮರ್ತೇ ಹೋಗ್ತೈತೆ. ಎಂಥಾ ಕುರ್ಚಿ ಮಾಡಿದೀಯೇ ನೀನು!"

ನೇತ್ರಾವತಿಗೆ ಮೊದಲು ಬಂದದ್ದು ನಗು. ಅದರ ಬೆನ್ನಿಗೇ ಇನ್ನೊಂದು ಯೋಚನೆ ಹೊಳೆಯಿತು. ಅವಳು ಓಡಿಹೋಗಿ ಕುರ್ಚಿಯ ಮುಂದೆ ನೆಲದ ಮೇಲೆ ಕೂತು ಅತ್ತೆಯ ಕೈ ಹಿಡಿದುಕೊಂಡಳು. "ಅತ್ತೆ, ಇದೊಂದು ಮಾತು ಮಾವಗೆ ಹೇಳ್ರಿ. ಬ್ಯಾರೇರು ಕುಂತ್ರು ಅಂದ್ರೆ ಇದು ಗದ್ದುಗೆ ಹೆಂಗಾಗ್ತೈತೆ? ಬರೇ ಕುರ್ಚಿ ಆಗ್ತೈತೆ. ಸೋಮವಾರಕ್ಕೆ ಇನ್ನೂ ಟೈಮ್ ಐತೆ. ನಾನು ತಗಂಡು ಹೋಗ್ತೀನಿ."

ವೀರಮ್ಮ ಸೊಸೆಯ ಕೈಯೊಳಗಿಂದ ತಮ್ಮ ಕೈ ಬಿಡಿಸಿಕೊಂಡರು.

"ಹೇಳಿದ್ರೆ ಕುರ್ಚಿ ನಿಂಗೆ ಸಿಗ್ತೈತೆ," ಎಂದರು. "ಆಮ್ಯಾಲೆ ನಾನೆಲ್ಲಿ ಕುಂತ್ಕಳ್ಲಿ?"

"ನಿಮಗೆ ಅಂತಾನೇ ಇನ್ನೊಂದು ಮಾಡ್ಕೊಡ್ತೀನಿ ಅತ್ತೆ."

"ಹುಚ್ಚಿ. ನಂಗೆ ಅಂತ ಮಾಡಿದ್ರೆ ನಿಮ್ ಮಾವ ಕುಂತ್ಕಳ್ತಾರೆ. ಬಂದ ನೆಂಟ್ರು ಕುಂತ್ಕಳ್ತಾರೆ. ಆಮ್ಯಾಲೆ ನಾನು ಅದ್ರ ಕೆಳಗೆ ನೆಲ ಒರೆಸ್ಬೇಕು, ಅಷ್ಟೇಯ. ಈ ಮನೆಗೆ ಬಂದಾಗಿಂದ ನಂದು ಅಂತ ಒಂದು ಜಾಗ ಇರಲಿಲ್ಲ. ಇದ್ರ ಮ್ಯಾಲೆ ಯಾರೂ ಕುಂತ್ಕಳಲ್ಲ. ಅದಕ್ಕೇ ಇದು ನಂದು."

ಹೊರಗೆ ಗೇಟಿನ ಚಿಲಕ ಸದ್ದಾಯಿತು. ವೀರಮ್ಮ ಸರಕ್ಕನೆ ಇಳಿದರು. ಇಳಿಯುವಾಗ ಕಾಲು ನೆಲಕ್ಕೆ ಎಟುಕದೆ ಒಮ್ಮೆ ತಡವರಿಸಿ ಸೊಸೆಯ ಹೆಗಲು ಹಿಡಿದರು. ವಸ್ತ್ರ ಹಾಸಿದರು, ಪಾದುಕೆ ಇಟ್ಟರು, ಪತ್ರೆ ಏರಿಸಿದರು. ಒಂದೇ ಒಂದು ಸುಕ್ಕು ಉಳಿಯಲಿಲ್ಲ. ಆಮೇಲೆ ಹೋಗಿ ಹೊಸ್ತಿಲ ಪಕ್ಕ ಗೋಡೆ ಹಿಡಿದು ನೆಲಕ್ಕೆ ಕುಸಿದು ಕೂತರು.

ಒಳಗೆ ಬಂದ ರೇವಣಸಿದ್ದಪ್ಪನವರು ಟೋಪಿ ತೆಗೆದು ಸೋಫಾದ ಮೇಲೆ ಕೂತರು. ಸೊಸೆ ನಡುಮನೆಯಲ್ಲಿ ನಿಂತಿದ್ದನ್ನು ನೋಡಿ, "ಯಾಕಮ್ಮ ನೇತ್ರಾ, ಮುಖ ಸಣ್ಣದಾಗೈತೆ? ಏನಾದ್ರೂ ಹೇಳಾದಿತ್ತಾ?" ಎಂದರು ಅಕ್ಕರೆಯಿಂದ.

ಒಂದೇ ಮಾತು ಸಾಕಿತ್ತು. ಬಸ್ಸು, ಕಿಟಕಿಯ ಸೀಟು, ತನ್ನದೇ ಕೆಲಸ ಎಲ್ಲವೂ ಆ ಒಂದು ಮಾತಿನ ಆಚೆ ಕಾಯುತ್ತಿದ್ದವು. ಮಾತು ನಾಲಿಗೆಯ ಮೇಲೇ ಇತ್ತು. ನೇತ್ರಾವತಿ ಅಡುಗೆಮನೆಯ ಹೊಸ್ತಿಲ ಕಡೆ ನೋಡಿದಳು. ವೀರಮ್ಮ ಅವಳನ್ನು ನೋಡುತ್ತಿರಲಿಲ್ಲ. ತಲೆ ತಗ್ಗಿಸಿ, ಎರಡೂ ಅಂಗೈಯಿಂದ ಮಂಡಿ ಉಜ್ಜಿಕೊಳ್ಳುತ್ತಿದ್ದರು.

"ಏನಿಲ್ಲ ಮಾವ. ಟೀ ಮಾಡ್ತೀನಿ," ಎಂದಳು.

ಟೀ ಕೊಟ್ಟು ಶೆಡ್ಡಿಗೆ ಬಂದು ಶಾಲಿನಿಗೆ ಫೋನ್ ಮಾಡಿದಳು. ಕುರ್ಚಿ ಬರುವುದಿಲ್ಲ, ತಾನೂ ಬರುವುದಿಲ್ಲ ಎಂದಳು. ಯಾಕೆ ಎಂದು ಶಾಲಿನಿ ಕೇಳಿದಾಗ, "ಅದ್ರ ಮ್ಯಾಲೆ ಒಬ್ರು ಕುಂತಾರೆ, ಏಳಿಸಾಕಾಗಲ್ಲ," ಎಂದಷ್ಟೇ ಹೇಳಿದಳು. ಫೋನ್ ಇಟ್ಟ ಮೇಲೆ ಮರದ ಹೊಟ್ಟಿನ ನಡುವೆ ಕೂತು ಮನಸಾರೆ ಅತ್ತಳು. ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯಲಿಲ್ಲ.

ಊಟ ಮುಗಿಸಿ ಬಂದ ಮೂರ್ತಪ್ಪ ಅವಳ ಮುಖ ನೋಡಿಯೂ ನೋಡದವನಂತೆ ಹಲಗೆ ಎಳೆದುಕೊಂಡ. ಹೊಳಲ್ಕೆರೆಯ ಮನೆಯೊಂದಕ್ಕೆ ಗುರುಗಳ ಕುರ್ಚಿ ಆಗಬೇಕಿತ್ತು.

"ಅಗಲ ಅಷ್ಟೇ ಇಡಾಣೇನ್ರಮ್ಮ? ಹೆಂಗೂ ಯಾರೂ ಕುಂತ್ಕಳಲ್ಲ. ಒಂದೀಟು ಸಣ್ಣದು ಮಾಡಿದ್ರೆ ಮರ ಉಳೀತೈತೆ."

ನೇತ್ರಾವತಿ ಮೂಗು ಒರೆಸಿಕೊಂಡಳು. "ಆ ಮನೇಲಿ ಯಾರ್ಯಾರು ಅದಾರಣ್ಣ?"

"ಯಜಮಾನ್ರು, ಅವ್ರ ಹೆಂಡ್ರು, ಇಬ್ರು ಸೊಸೇರು. ಯಾಕ್ರಮ್ಮ?"

"ಹಂಗಾರೆ ಅಗಲ ಅಷ್ಟೇ ಇರ್ಲಿ," ಎಂದಳು ಅವಳು, ಟೇಪು ಎತ್ತಿಕೊಂಡು. "ಎತ್ತರ ಮಾತ್ರ ಎರಡು ಬೆರಳು ಕಮ್ಮಿ ಮಾಡಾಣ. ಇಳಿಯಾಗ ಕಾಲು ನೆಲಕ್ಕೆ ಎಟುಕಬೇಕು."